ಕ್ಯಾಮೆರಾ ಚೀಲದ ಸಜ್ಜೆ

ಮಾವನ ಹಳೆಯ ಕ್ಯಾಮೆರಾದ ಚರ್ಮದ ಚೀಲ ತೆರೆದರೆ ಇವತ್ತಿಗೂ ನನಗೆ ಸಜ್ಜೆಯ ವಾಸನೆ ಬರುತ್ತದೆ.

ಒಕ್ಕಲುತನ ಬಿಟ್ಟು ಬಾದಾಮಿಯಲ್ಲಿ ಫೋಟೊ ಸ್ಟುಡಿಯೊ ಇಟ್ಟ ಮಗನ ಮೇಲೆ ಅಜ್ಜಿಗೆ ಸಿಟ್ಟಿತ್ತು. ಆ ವರ್ಷ ಸಜ್ಜೆಯ ರಾಶಿ ಮಾಡುವಾಗ ಮಾವ ಕೊರಳಿಗೆ ಕ್ಯಾಮೆರಾ, ಹೆಗಲಿಗೆ ಅದರ ಚೀಲ ಹಾಕಿಕೊಂಡು ಕಣಕ್ಕೆ ಬಂದರೂ ಅವಳು ಮಾತಾಡದೆ ಕಾಳು ತೂರುತ್ತಲೇ ಇದ್ದಳು. ಹೊಟ್ಟು ಇಳಿಬಿಸಿಲಿನಲ್ಲಿ ಬಂಗಾರದ ಹೊಗೆಯಂತೆ ಹಾರಿ, ನನ್ನ ಕುತ್ತಿಗೆಗೆಲ್ಲ ಅಂಟಿ ತುರಿಸುತ್ತಿತ್ತು.

ಮಾವ ಕಣದಂಚಿನಲ್ಲಿ ಚಪ್ಪಲಿ ಬಿಟ್ಟು, ಬೂದುಹಸಿರು ರಾಶಿಯ ಮುಂದೆ ನಿಂತು ತಲೆ ಬಾಗಿಸಿದ. ಮೇಲಿನ ಗಾಜಿನೊಳಗೆ ಬಗ್ಗಿ ನೋಡುವ ಕ್ಯಾಮೆರಾ ಅದು, ಅಜ್ಜಿಗೇನು ಗೊತ್ತು!

ಅವಳ ಕೈಯಲ್ಲಿನ ಮೊರ ನಿಂತಿತು. “ರಾಶಿಗೆ ತಲಿ ಬಾಗೂದು ಮರತಿಲ್ಲ ನೋಡು ತಮ್ಮಾ ನೀ,” ಅಂದಳು.

ಮಾವ ಕ್ಯಾಮೆರಾವನ್ನು ಅವಳ ಮುಂದೆ ಹಿಡಿದು, “ತಲಿ ಬಾಗಿಸಿದ್ರನ ಇದರಾಗ ಕಾಣ್ತೈತಿ ಬೇ ಯವ್ವಾ. ನೀನೂ ನೋಡು,” ಅಂದ.

ಅಜ್ಜಿ ಸೆರಗು ಸರಿಮಾಡಿಕೊಂಡು ಬಗ್ಗಿದಳು. ಗಾಜಿನೊಳಗೆ ಅವಳದೇ ರಾಶಿ, ಅಂಗೈಯಷ್ಟಾಗಿ ಹೊಳೆಯುತ್ತಿತ್ತು. ಬಹಳ ಹೊತ್ತು ಅವಳು ತಲೆ ಎತ್ತಲಿಲ್ಲ.

ಎತ್ತಿದವಳು ರಾಶಿಯಿಂದ ಒಂದು ಬೊಗಸೆ ಸಜ್ಜೆ ಮೊಗೆದು ಅವನ ಕ್ಯಾಮೆರಾ ಚೀಲಕ್ಕೆ ಸುರಿದಳು.

“ತಗೋ, ನಿನ್ನ ಪಾಲು.”