ಮೊದಲ ಕೊಳ್ಳಿ

ಕಾಡಂಚಿನಲ್ಲಿ ಹೊಸ ಠಾಣೆ ಕಟ್ಟಿ ಸರ್ಕಾರ ನಡೆಸಲು ಬಂದ ಬಿಳಿ ದೊರೆಗೆ ಜಾಗ ಬಿಟ್ಟುಕೊಟ್ಟವನೇ ಗೌಡ. ಪ್ರತಿಯಾಗಿ ಅವನು ಕೇಳಿದ್ದು ಒಂದೇ: "ಸರ್ಕಾರದ ಕೆಲಸಕ್ಕೆ ನಮ್ಮೋರನ್ನೇ ಇಟ್ಕೊಳ್ಳಿ ಬುದ್ಧಿ."

"ಆಗಲಿ. ಆದರೆ ಸಂಬಳಕ್ಕೆ ನಮ್ಮ ಸೀಮೆಯಿಂದ ಬಿಡಿಗಾಸೂ ಬರುವುದಿಲ್ಲ. ಇಲ್ಲಿ ವಸೂಲಾದ ದಂಡದಲ್ಲೇ ಎಲ್ಲ ನಡೆಯಬೇಕು," ಎಂದ ದೊರೆ.

"ತಪ್ಪು ಮಾಡ್ದೋರು ಕಟ್ತಾರೆ, ನಮಗೇನು?" ಎಂದು ಗೌಡ ನಕ್ಕ. ತಾನೇ ಸಾಕಿ ಬೆಳೆಸಿದ ಬಾಮೈದನಿಗೆ ಠಾಣೆಯ ಜಮೇದಾರಿಕೆ ಕೊಡಿಸಿದ. "ನಿಮ್ಮ ಋಣ ಮರೆಯಲ್ಲ ಭಾವ," ಎಂದು ಅವನು ಕಾಲು ಮುಟ್ಟಿದ್ದ.

ಬೇಸಿಗೆ ಬಂತು. ರಾಗಿ ಬಿತ್ತುವ ಮುಂಚೆ ಕಾಡು ಕಡಿದು ಸುಡುವುದು ಊರಿನ ಪದ್ಧತಿ. ಗೌಡ ಮೊದಲ ಕೊಳ್ಳಿ ಇಡದೆ ಬೇರೆ ಯಾರೂ ಬೆಂಕಿ ಹಚ್ಚುವಂತಿಲ್ಲ. ಈ ಸಲ ಬಾಮೈದನೇ ಕೊಳ್ಳಿ ಹೊತ್ತಿಸಿ ತಂದುಕೊಟ್ಟ. ಅಧಿಕಾರ ಬಂದರೂ ಇವನು ಪದ್ಧತಿ ಬಿಟ್ಟಿಲ್ಲವಲ್ಲ ಎಂದು ಗೌಡನ ಎದೆ ತುಂಬಿ ಬಂತು. ಒಣಗಿದ ಸೊಪ್ಪಿಗೆ ಕೊಳ್ಳಿ ತಾಗಿಸಿದ.

ಬಾಮೈದ ಅವನ ಎರಡೂ ಕೈ ಹಿಡಿದು ಬೇಡಿ ತೊಡಿಸಿದ.

"ಏನೋ ಇದು?"

"ಕಾಡಿಗೆ ಬೆಂಕಿ ಇಡೋದು ನಿನ್ನೆಯಿಂದ ಅಪರಾಧ ಭಾವ. ದಂಡ ಕಟ್ಟೋ ತಾಕತ್ತು ಈ ಊರಲ್ಲಿ ಇನ್ಯಾರಿಗಿದೆ, ನೀವೇ ಹೇಳಿ."