ನೀಲಕಂಠ ಕಂಡವರು

ಇಷ್ಟು ಮಂದಿ ಹಂಸ ಅನ್ನುವಾಗ ತನಗೊಬ್ಬಳಿಗೇ ಅದು ಬೆಳ್ಳಕ್ಕಿಯಾಗಿ ಕಾಣುವುದು ಕಣ್ಣಿನ ದೋಷವೋ, ಗುಣದ ದೋಷವೋ? ಉಣಕಲ್ಲ ಕೆರೆಯ ದಂಡೆಯ ಮೇಲೆ ನಿಂತ ನೀಲಗಂಗಾಳಿಗೆ ಈ ಚಿಂತೆ ಹತ್ತಿಕೊಂಡಿತು. ಯಾರನ್ನೂ ಕೇಳಲಿಲ್ಲ. ಬಿ.ಎ. ಮುಗಿಸಿದ್ದರೂ ಅವಳ ಮಾತೆಲ್ಲ ಡೈರಿಗೇ ಮೀಸಲು.

ರಜೆಗೆಂದು ಧಾರವಾಡದಿಂದ ಹುಬ್ಬಳ್ಳಿಯ ಕಾಕಾನ ಮನೆಗೆ ಬಂದವಳಿಗೆ ಚಿಗವ್ವ ಮುರಿಗೆವ್ವ ವರನನ್ನು ಹುಡುಕಿಯೇ ಇಟ್ಟಿದ್ದಳು. ವರ ಗುರುಶಿದ್ದಪ್ಪ ಸುಧಾರಿಸಿದವನು. ಮುಂಬಯಿಯಿಂದ ದುರ್ಬೀನು ತಂದವನು. ಚಾಪೆ ಹಾಸಿ ಹುಡುಗಿ ನೋಡುವುದು ಹಳೆಯ ಪದ್ಧತಿ, ಹಕ್ಕಿ ನೋಡುತ್ತ ಹುಡುಗಿಯನ್ನೂ ನೋಡಿದರಾಯಿತು ಎಂದಿದ್ದ. ಕಾಕಾ ಸಿದ್ದಪ್ಪ ಟಾಂಗಾಕ್ಕೆ ಹೇಳಿ ಕಳಿಸಿದ. ಅದರಲ್ಲಿ ವರ, ಕನ್ಯೆ, ಕಾಕಾ, ಚಿಗವ್ವ ಮತ್ತು ಒಂದು ಡಬ್ಬಿ ಸಕ್ಕರೆ. ಹುಡುಗಿ ಹೂಂ ಅಂದ ಗಳಿಗೆಯಲ್ಲೇ ಎಲ್ಲರ ಬಾಯಿಗೆ ಸಕ್ಕರೆ ಹಾಕಿದರೆ ಲಗ್ನ ಗಟ್ಟಿಯಾದಂತೆ.

"ಅವರು ಏನಂದ್ರೂ ಹೌದ್ರಿ ಅನ್ನು," ಎಂದು ಚಿಗವ್ವ ಮನೆಯಲ್ಲೇ ಕಲಿಸಿದ್ದಳು. "ನಿಮ್ಮ ಕಾಕಾನ ಜೋಡಿ ನಾ ಹಂಗ ಬಾಳೇವು ಮಾಡೇನಿ."

ಕೆರೆ ಮುಗಿಸಿ ಎರೆಹೊಲಕ್ಕೆ ಬಂದರು. ಜೋಳದ ಸಾಲಿನಿಂದ ಕೌಜುಗ ಹಕ್ಕಿಯೊಂದು ಹೊರಬಿದ್ದು ಓಡಿತು. ಗುರುಶಿದ್ದಪ್ಪ ದುರ್ಬೀನಿನಲ್ಲಿ ಬಹಳ ಹೊತ್ತು ಪರೀಕ್ಷಿಸಿ, ನವಿಲಿನ ಮರಿ ಎಂದ. ತಾಯಿ ಎಲ್ಲಿ ಎಂದು ಕಾಕಾ ಭಕ್ತಿಯಿಂದ ಕೇಳಿದ. ಅತ್ತಲ ಸಾಲಿನಲ್ಲಿದೆ ಎಂಬ ಉತ್ತರವೂ ಬಂತು. ನೀಲಗಂಗಾ "ಹೌದ್ರಿ" ಎಂದಳು. ತನ್ನ ದನಿ ಥೇಟ್ ಚಿಗವ್ವನ ದನಿಯಂತೆ ಕೇಳಿ ಬೆಚ್ಚಿದಳು.

ಟಾಂಗಾದಲ್ಲಿ ಅವಳ ಎಂ.ಎ. ಓದಿನ ಮಾತು ಬಂತು. "ಲಗ್ನ ಆದ ಮ್ಯಾಲೆ ಅದೆಲ್ಲಾ ಯಾಕ ಬೇಕ್ರಿ? ನಾನ ಎಲ್ಲಾ ಕಲಸ್ತೇನಿ," ಎಂದು ಗುರುಶಿದ್ದಪ್ಪ, ಧೂಳು ತಾಗದಂತೆ ದುರ್ಬೀನನ್ನು ಚರ್ಮದ ಚೀಲದಲ್ಲಿ ಕೂಸಿನ ಹಾಗೆ ಮಲಗಿಸಿದ.

ರಾಯಾಪುರದ ಗುಡ್ಡದ ಬುಡದಲ್ಲಿ, ತಂತಿಯ ಮೇಲೆ ಸೀಳುಬಾಲದ ಕಾಜಾಣವೊಂದು ಕೂತಿತ್ತು. ಅಪ್ಪಟ ಕರಿ. ಗುರುಶಿದ್ದಪ್ಪ ಬರಿಗಣ್ಣಿನಲ್ಲೇ ಅದನ್ನು ನೀಲಕಂಠ ಎಂದು ಸಾರಿದ. ನೀಲಕಂಠ ಕಂಡರೆ ಶುಭವೆಂದು ಚಿಗವ್ವ ಕೈಮುಗಿದಳು. ಆ ಸಂತೋಷಕ್ಕೆ ದುರ್ಬೀನು ಮೊದಲ ಸಲ ಪರರ ಕೈಗೆ ಬಂತು. ಕಾಕಾ ಕಣ್ಣಿಗೆ ಹಿಡಿದು, ಕೊಕ್ಕು ಸುದ್ಧಾ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದೆ ಎಂದು ವರ್ಣಿಸಿದ. ಆಮೇಲೆ ಚಿಗವ್ವ ಹಿಡಿದಳು.

"ಏನ ನೀಲಿ, ಏನ ನೀಲಿ. ಥೇಟ್ ನನ್ನ ಇಳಕಲ್ಲ ಸೀರಿ ಬಣ್ಣ."

ಕೊನೆಗೆ ದುರ್ಬೀನು ನೀಲಗಂಗಾಳ ಕೈಗೆ ಬಂತು. ಕಣ್ಣಿಗೆ ಒತ್ತಿಕೊಂಡಳು. ಕತ್ತಲು. ಅತ್ತ ಇತ್ತ ತಿರುಗಿಸಿದಳು. ಅದೇ ಕತ್ತಲು. ಬೆರಳನ್ನು ಮುಂದಕ್ಕೆ ಸರಿಸಿದಾಗ ಗಾಜುಗಳ ಮೇಲೆ ಹಾಕಿದ್ದ ಎರಡು ಗುಂಡನೆಯ ಮುಚ್ಚಳಗಳು ತಾಗಿದವು.

"ಛಲೋ ಕಾಣತೈತಿಲ್ರಿ?" ಎಂದು ಗುರುಶಿದ್ದಪ್ಪ ಕೇಳಿದ. ಚಿಗವ್ವ ಆಗಲೇ ಡಬ್ಬಿ ತೆರೆದು ಚಿಟಿಕೆಯಲ್ಲಿ ಸಕ್ಕರೆ ಹಿಡಿದಿದ್ದಳು. "ಹೌದ್ರಿ ಅನ್ನವಾ," ಎಂದು ಪಿಸುಗುಟ್ಟಿದಳು.

ನೀಲಗಂಗಾ ಮುಚ್ಚಳಗಳನ್ನು ಒಂದೊಂದಾಗಿ ಬಿಚ್ಚಿ ಗುರುಶಿದ್ದಪ್ಪನ ಅಂಗೈಯಲ್ಲಿಟ್ಟಳು.

"ನನಗ ಏನೂ ಕಾಣಲಿಲ್ರಿ," ಎಂದಳು.