ಅರ್ಧಕ್ಕೆ ಕೊಯ್ದ ಸೀರೆ

"ಜೀವಾ ಹೋದ್ರೂ ಈ ಪೈಪು ತಗಸಂಗಿಲ್ಲ!" ಎಂದು ಪಾಂಡಪ್ಪ ಕತ್ತಿನಲ್ಲಿದ್ದ ನಳಿಕೆಯನ್ನು ಅಂಗೈಯಿಂದ ಮುಚ್ಚಿಕೊಂಡ. ಮೂತ್ರಪಿಂಡ ಕೈಕೊಟ್ಟ ಮೇಲೆ ಅವನ ರಕ್ತ ಡಯಾಲಿಸಿಸ್ ಯಂತ್ರಕ್ಕೆ ಹೋಗಿ ಬರುತ್ತಿದ್ದುದು ಅದೇ ನಳಿಕೆಯಿಂದ. ಈಗ ರಕ್ತಕ್ಕೆ ಸೋಂಕು ತಗುಲಿತ್ತು. ಜ್ವರ ಇಳಿದಂತೆ ಮಾಡಿ ಮತ್ತೆ ಮತ್ತೆ ಏರುತ್ತಿತ್ತು.

ಡಾಕ್ಟರ್ ಅಂಕಿತಾ ಸಿಟ್ಟಾಗಲಿಲ್ಲ. "ಕೆರಿ ಮೆಟ್ಟಲಕ್ಕ ಹಾವಸಿ ಹತ್ತತೈತೆಲ್ರಿ ಕಾಕಾ, ಹಂಗ ಪೈಪಿನೊಳಗ ಕ್ರಿಮಿ ಲೋಳಿ ಕಟ್ಟಿಕೊಂಡು ಕುಂತಾವ. ಮೊದಲ ಅವು ಔಷಧಕ್ಕ ಬಗ್ಗೂ ಜಾತಿ ಅಲ್ಲ. ಒಂದ ಒಂದು ಔಷಧಕ್ಕ ಮಾತ್ರ ಸಾಯ್ತಾವ, ಆದ್ರ ಲೋಳಿ ಒಳಗ ಅದೂ ನಾಟಂಗಿಲ್ಲ. ಇದನ್ನ ಜಲ್ದಿ ತಗದ್ರ ಉಳೀತೀರಿ. ರಕ್ತ ಸ್ವಚ್ಛ ಆದಮ್ಯಾಲೆ ಹೊಸಾದು ಹಾಕ್ತೀವಿ."

"ನಡುವ ಕತ್ತರಿ ಹಾಕಿದ್ರ ಒಳ್ಳೇದಾಗಂಗಿಲ್ರಿ."

ಈ ಹಟದ ಬೇರು ಹೆಂಡತಿ ಚೌಡವ್ವನಿಗೆ ಮಾತ್ರ ಗೊತ್ತಿತ್ತು. ಬೆಟಗೇರಿಯ ಅವರ ನೇಕಾರ ಮನೆಯಲ್ಲಿ ಮಗ್ಗಕ್ಕೇರಿದ ಸೀರೆ ಮುಗಿಯುವ ಮುನ್ನ ಅದಕ್ಕೆ ಕತ್ತರಿ ತಾಗಬಾರದು. ಪಾಂಡಪ್ಪನ ಅಪ್ಪ ಒಮ್ಮೆ ಅರ್ಧಕ್ಕೆ ಕೊಯ್ದ, ಅದೇ ವರ್ಷ ತೀರಿಕೊಂಡ. ಅಂದಿನಿಂದ ಯಾವುದನ್ನೇ ಆಗಲಿ ನಡುವೆ ಕಡಿಯುವುದೆಂದರೆ ಪಾಂಡಪ್ಪನಿಗೆ ಎದೆ ಝಲ್ಲೆನ್ನುತ್ತಿತ್ತು.

ಚೌಡವ್ವ ಅಳುತ್ತ ಕೂರುವ ಹೆಂಗಸಲ್ಲ. ಆಟೊ ಹಿಡಿದು ಬೆಟಗೇರಿಗೆ ಹೋದಳು. ಗಂಡ ಹಾಸಿಗೆ ಹಿಡಿದಾಗಿನಿಂದ ಮಗ್ಗದ ಮೇಲೆ ಅರ್ಧಕ್ಕೆ ನಿಂತಿದ್ದ ಕೆಂಪಂಚಿನ ಸೀರೆಯ ಮುಂದೆ ಒಂದು ಗಳಿಗೆ ನಿಂತಳು. ಅವಳಿಗೂ ಭಯವಿತ್ತು. ಆದರೂ ಕತ್ತರಿ ಆಡಿಸಿಯೇಬಿಟ್ಟಳು.

ಆಸ್ಪತ್ರೆಗೆ ಬಂದವಳೇ ಆ ತುಂಡನ್ನು ಗಂಡನ ಕಾಲ ಮೇಲೆ ಹೊದಿಸಿದಳು.

"ಮಗ್ಗದ ಮ್ಯಾಲಿಂದು ಕೊಯ್ಕೊಂಡ ಬಂದೀನಿ."

ಪಾಂಡಪ್ಪ ಹೌಹಾರಿದ. "ಏನ ಮಾಡಿದೀ ಹುಚ್ಚಿ!"

"ಕೇಡು ಬರೂದಿದ್ರ ಕೊಯ್ದಾಕಿ ನಾನು, ನನಗ ಬರ್ಲಿ. ನೀವು ಕೈ ತಗೀರಿ."

ಅವನು ಕೊಯ್ದ ಅಂಚಿನ ಕಡೆಗೊಮ್ಮೆ, ಹೆಂಡತಿಯ ಕಡೆಗೊಮ್ಮೆ ನೋಡಿದ. ಆಮೇಲೆ ಕತ್ತಿನ ಮೇಲಿಂದ ಕೈ ತೆಗೆದ.

ನಳಿಕೆ ಹೊರಬಂತು. ಲೋಳೆ ಕಾಣುತ್ತದೇನೋ ಎಂದು ಚೌಡವ್ವ ಇಣುಕಿದಳು. ಏನೂ ಕಾಣಲಿಲ್ಲ. "ಕಣ್ಣಿಗೆ ಬೀಳೂಹಂಗಿದ್ರ ಎಂದೋ ಸಿಗ್ತಿದ್ವು, ಕಾಕೂ," ಎಂದು ಡಾಕ್ಟರು ನಕ್ಕರು. ಅಡಗುವ ಜಾಗ ತಪ್ಪಿದ ಕ್ರಿಮಿಗಳ ಮೇಲೆ ಔಷಧ ಈಗ ಸರಿಯಾಗಿಯೇ ಬಿತ್ತು. ಜ್ವರ ಇಳಿಯಿತು, ಮತ್ತೆ ತಲೆ ಎತ್ತಲಿಲ್ಲ. ರಕ್ತದಲ್ಲಿ ಒಂದು ಕ್ರಿಮಿಯೂ ಉಳಿದಿಲ್ಲ ಎಂದು ಡಾಕ್ಟರು ಬಂದು ಹೇಳಿದ ದಿನ ಚೌಡವ್ವ "ಗೆದ್ದಿವ್ರಿ!" ಎಂದು ಕೂಗಿದ ಕೂಗಿಗೆ ಇಡೀ ವಾರ್ಡು ತಿರುಗಿ ನೋಡಿತು. ನೋಡಲಿ ಬಿಡಿ, ಅವಳಿಗೇನು ನಾಚಿಕೆ!

ಕತ್ತಿನ ಇನ್ನೊಂದು ಬದಿಗೆ ಹೊಸ ನಳಿಕೆ ಹಾಕಿಸಿಕೊಂಡು ಎದ್ದು ಕುಳಿತ ಪಾಂಡಪ್ಪ, ತುಂಡು ಸೀರೆಯನ್ನು ಬೆರಳಿನಿಂದ ತಿಕ್ಕಿ ನೋಡಿದ.

"ಅರ್ಧ ಸೀರಿ. ಯಾರ ಕೊಳ್ತಾರ ಇದನ್ನ?"

"ನಾ ಆಗ್ಲೇ ಮಾರೀನಿ," ಎಂದಳು ಚೌಡವ್ವ.

"ಖರೇನ? ಏನ ಬಂತು?"

"ನೀವು."